ಗೆರೆ ಪೈಜಾಮ, ಒಳಜೇಬಿನ ಜುಬ್ಬಾ

ಹೊಸದಾಗಿ ವ್ಯಾಯಾಮದ ಕ್ಲಾಸಿಗೆ ಸೇರಿದವರು ಯಾವ ಬಟ್ಟೆ ಹಾಕಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ನಗು ಯಾಕೆಂದರೆ ಉತ್ತರ ಬಹಳ ಸುಲಭ. ಹತ್ತಿಯದಿರಬೇಕು, ಸಡಿಲವಿರಬೇಕು, ಸೊಂಟ ಕೊರೆಯಬಾರದು, ಬಗ್ಗಿದಾಗ ಹಿಂದೆ ಜಾರಬಾರದು. ಇಷ್ಟೇ. ಸಿಟ್ಟು ಯಾಕೆಂದರೆ, ಇಷ್ಟೇ ಇಷ್ಟು ವಿಷಯಕ್ಕೆ ನಾನು ಒಂದು ಮನೆಯನ್ನೇ ಎದುರು ಹಾಕಿಕೊಳ್ಳಬೇಕಾಯಿತು. ಅದೂ ಎಂಥ ಮನೆ ಅಂತೀರಿ, ಬಟ್ಟೆ ಅಂಗಡಿಯವರ ಮನೆ.

ಎಪ್ಪತ್ತರ ದಶಕದ ನಡುವಿನ ಮಾತಿದು. ರಾಜಾಜಿನಗರದಲ್ಲಿ ನಮ್ಮ ಮನೆ. ನನಗೆ ಮೂವತ್ತೆರಡು ವರ್ಷ, ಎರಡು ಮಕ್ಕಳು. ಮನೆಯಿಂದ ಒಂದು ತಿರುವು ದಾಟಿದರೆ ನಮ್ಮ ಅಂಗಡಿ. ಮಾವ ದಾವಣಗೆರೆಯಿಂದ ಬಂದು ಶುರು ಮಾಡಿದ್ದು. ಅವರು ಹೋದ ಮೇಲೆ ಬೋರ್ಡಿನ ಮೇಲೆ ಅಂಗಡಿ ನನ್ನ ಗಂಡನದು, ಒಳಗೆ ನನ್ನ ಅತ್ತೆಯದು. ಅತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಆದರೆ ದೀಪಾವಳಿಗೆ ಯಾವ ಬಣ್ಣದ ಸೀರೆ ತರಿಸಬೇಕು, ಯಾವ ಗಿರಾಕಿಗೆ ಕೂರಲು ಸ್ಟೂಲು ಹಾಕಬೇಕು ಎಂಬುದೆಲ್ಲ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತಿತ್ತು. ನನ್ನ ಗಂಡ ಮಧ್ಯಾಹ್ನ ಊಟಕ್ಕೆ ಬಂದು ಅದನ್ನೆಲ್ಲ ಕೇಳಿಸಿಕೊಂಡು ಹೋಗುತ್ತಿದ್ದರು.

ಎರಡನೆಯ ಹೆರಿಗೆಯಾದ ಮೇಲೆ ನನ್ನ ನಡು ಹಿಡಿದುಕೊಂಡಿತು. ಮೊದಮೊದಲು ಬಟ್ಟೆ ಒಗೆಯುವಾಗ, ಆಮೇಲೆ ಕಸ ಗುಡಿಸುವಾಗ, ಆಮೇಲೆ ಸುಮ್ಮನೆ ನಿಂತಾಗಲೂ ನೋವು. ಒಂದು ಬೆಳಿಗ್ಗೆ ಲಿಂಗಪೂಜೆಗೆ ನೆಲದ ಮೇಲೆ ಕೂತವಳು ಏಳುವುದಕ್ಕೇ ಆಗಲಿಲ್ಲ. ನಮ್ಮ ಜನದಲ್ಲಿ ಲಿಂಗ ದೇವರ ಕೋಣೆಯಲ್ಲಿ ಇರುವುದಲ್ಲ, ಮೈಮೇಲೆ ಇರುವುದು. ಹುಟ್ಟಿದ ಮೇಲೆ ಕಟ್ಟುತ್ತಾರೆ, ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗುತ್ತದೆ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯೊಳಗೆ, ದಾರದಲ್ಲಿ. ಪೂಜೆಯ ಹೊತ್ತಿಗೆ ಮಾತ್ರ ಎಡ ಅಂಗೈಗೆ ಬರುತ್ತದೆ. ಅವತ್ತು ಆ ಎಡಗೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ತಡಕುತ್ತಾ, ಕಾಲು ಗಂಟೆ ಕೂತಿದ್ದೆ. ಕೊನೆಗೆ ಗಂಡ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ನನಗೆ ಅಳು ಬಂದಿದ್ದು ನೋವಿಗಲ್ಲ, ಆ ನಾಚಿಕೆಗೆ.

"ಬೀಸೋ ಕಲ್ಲಿನ ಮುಂದೆ ಕುಂತಿದ್ರೆ ನಡು ನೆಟ್ಟಗೆ ಇರ್ತಿತ್ತು," ಅಂದರು ಅತ್ತೆ. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು. ಬೀಸುವ ಕಲ್ಲು ಮಾರಿದ್ದೂ ಅವರೇ.

ಡಾಕ್ಟರು ನಡು ಒತ್ತಿ ನೋಡಿ, ಕಾಲು ಎತ್ತಿಸಿ ನೋಡಿ, ಮಾತ್ರೆ ಬರೆಯದೆ ಪೆನ್ನು ಮುಚ್ಚಿದರು. "ನೋಡಿಮ್ಮಾ, ವ್ಯಾಯಾಮ ಮಾಡಿ. ಮಾಡದೇ ಹೋದ್ರೆ ನಲವತ್ತು ತುಂಬೋ ಹೊತ್ತಿಗೆ ಹಾಸಿಗೆ ಹಿಡೀತೀರ. ಆಮೇಲೆ ನನ್ನ ಹತ್ರ ಬಂದು ಅತ್ರೆ ಪ್ರಯೋಜನ ಇಲ್ಲ," ಅಂದರು. ಆ ಮಾತು ನನ್ನ ಎದೆಯಲ್ಲಿ ನಾಟಿಕೊಂಡಿತು. ಆ ಮನೆಯಲ್ಲಿ ಹಾಸಿಗೆ ಹಿಡಿಯುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಲೋಟ ನೀರಿಗೂ ಅತ್ತೆಯ ಮುಖ ನೋಡಬೇಕು.

ಅದೇ ತಿಂಗಳು ಹತ್ತಿರದ ಶಾಲೆಯ ಹಾಲಿನಲ್ಲಿ ಹೆಂಗಸರಿಗೆ ಅಂತಲೇ ಬೆಳಿಗ್ಗೆ ಆರರಿಂದ ಏಳರವರೆಗೆ ವ್ಯಾಯಾಮದ ಕ್ಲಾಸು ಶುರುವಾಯಿತು. ನಡೆಸುತ್ತಿದ್ದವರು ಡ್ರಿಲ್ ಟೀಚರ್ ಆಗಿ ನಿವೃತ್ತರಾದ ಒಬ್ಬ ಹೆಂಗಸು. ಅರವತ್ತರ ಹತ್ತಿರ, ಕಡ್ಡಿಯಂಥ ಮೈ, ಕೊರಳಲ್ಲಿ ಸೀಟಿ. ಇಪ್ಪತ್ತು ಜನಕ್ಕೆ ಮಾತ್ರ ಜಾಗ. ನಾನು ಓಡಿಹೋಗಿ ಹೆಸರು ಕೊಟ್ಟೆ. ಓಡಿಹೋಗಿ ಅಂದರೆ, ನನಗೆ ಆಗ ಎಷ್ಟು ಓಡಲು ಆಗುತ್ತಿತ್ತೋ ಅಷ್ಟು.

ಮೊದಲ ದಿನದ ಚೆಂದ ಹೇಳುತ್ತೇನೆ ಕೇಳಿ. ಇಪ್ಪತ್ತು ಹೆಂಗಸರೂ ಸೀರೆ ಉಟ್ಟೇ ಬಂದಿದ್ದೆವು. ಬೇರೇನು ಉಡುವುದು? ಅಂಗಾತ ಮಲಗಿಸಿ ಟೀಚರ್ ಸೀಟಿ ಊದಿ, "ಬಲಗಾಲು ಮೇಲೆ," ಅಂದರು. ಒಂದು ಕಾಲೂ ಮೇಲೆ ಹೋಗಲಿಲ್ಲ. ಎಲ್ಲರೂ ಎರಡೂ ಕೈಯಲ್ಲಿ ನೆರಿಗೆ ಹಿಡಿದುಕೊಂಡು ಸೂರು ನೋಡುತ್ತಾ ಮಲಗಿದ್ದೆವು. ಟೀಚರ್ ಮತ್ತೆ ಸೀಟಿ ಊದಿದರು. ಯಾರೋ ಒಬ್ಬರು ಪಾದ ಮಾತ್ರ ಆಡಿಸಿದರು. ಆಮೇಲೆ ನಿಲ್ಲಿಸಿ ಮುಂದಕ್ಕೆ ಬಗ್ಗಿ ಅಂದರು. ನಾನು ಹಲ್ಲು ಕಚ್ಚಿ ಬಗ್ಗಿದೆ, ಸೆರಗು ಜಾರಿತು, ರವಿಕೆಯೊಳಗಿದ್ದ ಕರಡಿಗೆ ಹೊರಗೆ ಬಂದು ಟಕ್ ಅಂತ ನನ್ನ ಹಲ್ಲಿಗೇ ಬಡಿಯಿತು. ದೇವರು ಕೊಟ್ಟ ಏಟು, ಯಾರ ಹತ್ತಿರ ದೂರುವುದು?

ಪಕ್ಕದ ಚಾಪೆಯವಳೂ ನಮ್ಮ ಜನದವಳೇ. ಅವಳು ಮೆಲ್ಲಗೆ, "ನಾನು ಮನೇಲೇ ಮೊಳೆಗೆ ತಗಲಾಕಿ ಬಂದಿದೀನಿ ಕಣ್ರೀ, ಯಾರಿಗೂ ಹೇಳ್ಬೇಡಿ," ಅಂದಳು. ನನಗೆ ಜೀವ ಝಲ್ಲೆಂದಿತು. ಸಂಪ್ರದಾಯಕ್ಕೆ ಹೆದರುವವಳಲ್ಲ ನಾನು, ಆದರೆ ಲಿಂಗ ಬಿಚ್ಚಿಟ್ಟು ಬರುವ ಮನಸ್ಸು ನನಗಿರಲಿಲ್ಲ. ಅದು ಅತ್ತೆ ಹೇಳಿಕೊಟ್ಟದ್ದಕ್ಕಲ್ಲ. ಹುಟ್ಟಿದಾಗಿನಿಂದ ಎದೆಯ ಮೇಲಿದ್ದದ್ದು, ಅದಿಲ್ಲದಿದ್ದರೆ ನನಗೆ ಮೈ ಬರಿದೆನಿಸುತ್ತದೆ.

ಏಳು ಗಂಟೆಗೆ ಟೀಚರ್ ಎಲ್ಲರನ್ನೂ ಕೂರಿಸಿದರು. "ನೆರಿಗೆಗೆ ವ್ಯಾಯಾಮ ಮಾಡಿಸೋಕೆ ಬಂದಿದೀರಾ ಏನ್ರಮ್ಮಾ? ಒಂದು ವಾರ ಟೈಮ್ ಕೊಡ್ತೀನಿ. ಪೈಜಾಮಾನೋ ಚೂಡಿದಾರೋ, ಕಾಲು ಎರಡಾಗಿರೋದು ಏನಾದ್ರೂ ಹಾಕೊಂಡು ಬನ್ನಿ. ಸೋಮವಾರದಿಂದ ಸೀರೆ ಉಟ್ಟು ಚಾಪೆ ಮೇಲೆ ಕೂರೋರನ್ನ ವಾಪಸ್ ಕಳಿಸ್ತೀನಿ. ಜಾಗಕ್ಕೆ ಕಾಯ್ತಿರೋರು ಹೊರಗಡೆ ಬೇಕಾದಷ್ಟು ಜನ ಇದಾರೆ," ಅಂದರು. ಆಡಿದರೆ ಆಡಿದಂತೆ ಮಾಡುವ ಹೆಂಗಸು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಒಂದು ವಾರ. ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಆಗ ನಮ್ಮ ಕಡೆ ಚೂಡಿದಾರ ಅಂದರೆ ಕಾಲೇಜು ಹುಡುಗಿಯರದು, ಇಲ್ಲವೇ ಉತ್ತರದವರದು. ಮದುವೆಯಾಗಿ ಎರಡು ಹೆತ್ತವಳಿಗೆ ಕಾಲು ಎರಡಾಗಿರುವ ಬಟ್ಟೆ ಮಾಗಡಿ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮೊದಲು ಒಳಲಂಗದ ನಡುವೆ ಪಿನ್ನು ಚುಚ್ಚಿ ಎರಡು ಕಾಲು ಮಾಡಿಕೊಂಡು ನೋಡಿದೆ. ಬಾಗಿಲು ಹಾಕಿಕೊಂಡು ಕಾಲೆತ್ತಿದೆ. ಪಿನ್ನು ಬಿಚ್ಚಿಕೊಂಡು ತೊಡೆಗೆ ಚುಚ್ಚಿತು. ಗಂಡನ ಪೈಜಾಮ ಹಾಕಿಕೊಂಡು ನೋಡಿದೆ. ಅವರಿಗೆ ಸೊಂಟವೇ ಇಲ್ಲ, ನನಗೆ ಇದೆ. ಚಕ್ಕಳಮಕ್ಕಳ ಹಾಕಿ ಕೂತರೆ ಹೊಲಿಗೆ ಚರ್ ಅನ್ನುತ್ತಿತ್ತು, ಉದ್ದ ನೋಡಿದರೆ ನೆಲ ಗುಡಿಸುವಷ್ಟು.

ಎರಡು ಮನೆ ಆಚೆ ಒಬ್ಬ ಪಂಜಾಬಿ ಆಫೀಸರರ ಹೆಂಡತಿ ಇದ್ದಳು. ದೊಡ್ಡ ಮನಸ್ಸಿನವಳು. ಕೇಳಿದ ತಕ್ಷಣ ತನ್ನ ನೈಲಾನ್ ಸಲ್ವಾರು ಕಮೀಜು ತೆಗೆದು ಕೊಟ್ಟಳು. ಆಗ ಊರಿಗೆಲ್ಲ ನೈಲಾನಿನ ಹುಚ್ಚು. ಇಸ್ತ್ರಿ ಬೇಡ, ಸುಕ್ಕಾಗಲ್ಲ, ಒಗೆದ ಅರ್ಧ ಗಂಟೆಗೆ ಒಣಗುತ್ತದೆ ಅಂತ ನಮ್ಮ ಅಂಗಡಿಯಲ್ಲೇ ಹೊಗಳಿ ಹೊಗಳಿ ಮಾರುತ್ತಿದ್ದರು. ಅದನ್ನು ಹಾಕಿಕೊಂಡು ಒಂದು ದಿನ ಕ್ಲಾಸಿಗೆ ಹೋದೆ. ಹತ್ತು ನಿಮಿಷಕ್ಕೆ ಬೆವರು ಹೊರಗೆ ಹೋಗಲು ದಾರಿಯಿಲ್ಲದೆ ಮೈಗೇ ಇಳಿಯಿತು. ಸಲ್ವಾರು ಮಂಡಿಗೆ ಅಂಟಿಕೊಂಡಿತು. ಕಾಲೆತ್ತಿದರೆ ಚಾಪೆಯ ಮೇಲೆ ನಾನೇ ಜಾರಿ ಹಿಂದಿನವಳ ತಲೆಗೆ ಗುದ್ದಿದೆ. ಅವತ್ತು ತಿಳಿಯಿತು, ಬಟ್ಟೆ ಬೆವರು ಕುಡಿಯಬೇಕು, ನೆಲವನ್ನು ಹಿಡಿದುಕೊಳ್ಳಬೇಕು, ನೋಡುವುದಕ್ಕೆ ಹೇಗಿದ್ದರೆ ಯಾರಿಗೇನು.

ಹತ್ತಿ ಬೇಕು. ಹತ್ತಿ ಎಲ್ಲಿದೆ? ನಮ್ಮದೇ ಅಂಗಡಿಯಲ್ಲಿ, ಮೂರನೆಯ ಕಪಾಟಿನಲ್ಲಿ, ಗಂಡಸರ ಪೈಜಾಮಕ್ಕೆ ಅಂತ ತರಿಸಿದ ನೀಲಿ ಗೆರೆಯ ಬಟ್ಟೆ. ರಾತ್ರಿ ಊಟಕ್ಕೆ ಬಡಿಸುತ್ತಾ ಗಂಡನನ್ನು ಕೇಳಿದೆ.

"ಅವ್ವನ್ನ ಒಂದು ಮಾತು ಕೇಳು," ಅಂದರು.

"ಅಂಗಡಿ ನಿಮ್ಮದಾ, ಅವ್ವನದಾ?"

ಅವರು ಕತ್ತು ಕೆರೆದುಕೊಂಡು ಅನ್ನಕ್ಕೆ ಇನ್ನೊಂದಿಷ್ಟು ಸಾರು ಹಾಕಿಸಿಕೊಂಡರು. ಕೆಟ್ಟವರಲ್ಲ ನನ್ನ ಗಂಡ. ಹೆದರುಪುಕ್ಕಲು ಅಷ್ಟೇ. ಮಾರನೆಯ ದಿನ ಬೀರುವಿನ ಮೇಲೆ ಒಂದು ಕಾಗದದ ಪೊಟ್ಟಣ ಇತ್ತು. ಒಳಗೆ ನೀಲಿ ಗೆರೆಯದು ಪೈಜಾಮಕ್ಕಾಗುವಷ್ಟು, ಕೋರಾ ಬಟ್ಟೆ ಜುಬ್ಬಾಕ್ಕಾಗುವಷ್ಟು. "ಅಂಗಡೀದು ಅಂತ ಮಾತ್ರ ಹೇಳ್ಬೇಡ," ಅಂತ ಪಿಸುಗುಟ್ಟಿ ಹೋದರು. ಊರಿನ ಹೆಂಗಸರಿಗೆಲ್ಲ ನಗುನಗುತ್ತಾ ಬಟ್ಟೆ ಹರಿದು ಕೊಡುವವರು ಕಟ್ಟಿಕೊಂಡ ಹೆಂಡತಿಗೆ ಕದ್ದು ತಂದು ಕೊಟ್ಟರು. ನನಗೆ ಹೊಟ್ಟೆ ಉರಿದುಹೋಯಿತು. ಆದರೆ ಪೊಟ್ಟಣ ಬಿಡಲಿಲ್ಲ.

ಎರಡೂ ಬಟ್ಟೆಯನ್ನು ಎರಡು ಸಲ ಬಿಸಿನೀರಿಗೆ ಹಾಕಿ ಒಗೆದೆ. ಹೊಲಿಸಿದ ಮೇಲೆ ಕುಗ್ಗಿದರೆ ಏನು ಮಾಡುವುದು? ಒಗೆದಷ್ಟೂ ಕೋರಾ ಬಟ್ಟೆ ಮೆತ್ತಗಾಯಿತು. ಕಾಮಾಕ್ಷಿಪಾಳ್ಯದಲ್ಲಿ ಗಂಡಸರ ಬಟ್ಟೆ ಹೊಲಿಯುವ ಒಬ್ಬ ಮುದುಕ ದರ್ಜಿ ಇದ್ದ. ಅಲ್ಲಿಗೆ ಹೋದೆ.

"ಸಾರ್ ಅಳತೆ ಬಟ್ಟೆ ತಂದಿದೀರಾ ಅಮ್ಮಾ?" ಅಂದ.

"ಸಾರ್‌ಗಲ್ಲ, ನನಗೆ."

ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಹೆಂಗಸರಿಗೆ ಪೈಜಾಮ ಹೊಲಿದಿಲ್ಲ, ಅಳತೆ ತೆಗೆಯೋದೂ ಆಗಲ್ಲ ಅಂದ. ಟೇಪು ಇಸಿದುಕೊಂಡು ನಾನೇ ಅಳೆದೆ. ಏನು ಬೇಕು ಅಂತ ಒಂದೊಂದಾಗಿ ಹೇಳಿದೆ. ಮುಂದೆ ತಗ್ಗು, ಹಿಂದೆ ನಾಲ್ಕು ಬೆರಳು ಎತ್ತರ ಇರಲಿ, ಬಗ್ಗಿದರೆ ಬೆನ್ನು ಕಾಣಬಾರದು. ಕಾಲೆರಡು ಸೇರುವ ಕಡೆ ಚೌಕದ ತುಂಡು ಕೂರಿಸು, ಎಷ್ಟು ಅಗಲ ಮಾಡಿದರೂ ಹೊಲಿಗೆ ಎಳೆಯಬಾರದು. ಲಾಡಿ ಹಗ್ಗದ ಥರ ಬೇಡ, ಎರಡು ಬೆರಳು ಅಗಲದ ಪಟ್ಟಿ ಇರಲಿ, ಸೊಂಟ ಕೊರೆಯದೆ ಇರಲಿ. ಜುಬ್ಬಾ ಮಂಡಿಯವರೆಗೆ, ತೋಳು ಮೊಣಕೈಗೆ ಮುಗಿಯಬೇಕು. ಎಡಗಡೆ ಎದೆಯ ಒಳಗೆ ಒಂದು ಜೇಬು, ಮೇಲೆ ಗುಂಡಿ. ಜೇಬಿನ ಅಳತೆಗೆ ಮನೆಯಲ್ಲೇ ಕಾಗದ ಕತ್ತರಿಸಿ ತಂದಿದ್ದೆ.

"ಇಷ್ಟು ಚಿಕ್ಕ ಜೇಬು ಯಾತಕ್ಕೆ? ಚಿಲ್ಲರೆಗಾ?" ಅಂತ ಕೇಳಿದ.

"ಅಲ್ಲ. ಲಿಂಗ ಇಟ್ಕೊಳ್ಳೋಕೆ. ಬಗ್ಗಿದ್ರೆ ತೂಗಾಡುತ್ತೆ."

ಅಲ್ಲಿಯವರೆಗೆ ಮುಖ ಹಿಂಡಿಕೊಂಡಿದ್ದವನು ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ದೇವ್ರು ಕೂರೋ ಜಾಗ ಅಂದ್ರೆ ಒಂದು ಪದರ ಸಾಲಲ್ಲ ಅಮ್ಮಾ. ಒಳಗಡೆ ಮೆತ್ತಗೆ ಇನ್ನೊಂದು ಪದರ ಕೊಡ್ತೀನಿ," ಅಂದ. ಎರಡು ದಿನಕ್ಕೆ ಹೊಲಿದು ಕೊಟ್ಟ. ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ಬಾಗಿಲು ಹಾಕಿಕೊಂಡು ತೊಟ್ಟು, ಲಿಂಗವನ್ನು ಜೇಬಿನಲ್ಲಿಟ್ಟು ಗುಂಡಿ ಹಾಕಿ, ಕೋಣೆಯ ನಡುವೆ ಬಗ್ಗಿ ನೋಡಿದೆ. ಯಾವುದೂ ಎಳೆಯಲಿಲ್ಲ, ಜಾರಲಿಲ್ಲ, ಹಲ್ಲಿಗೆ ಬಡಿಯಲಿಲ್ಲ. ಒಂದು ಬಟ್ಟೆ ನನ್ನ ಮೈಗೋಸ್ಕರವೇ ಆಗಿದ್ದು ಅದೇ ಮೊದಲು. ಖುಷಿಗೆ ಒಬ್ಬಳೇ ನಕ್ಕುಬಿಟ್ಟೆ.

ಅತ್ತೆ ನೋಡಿದ್ದು ಸೋಮವಾರ ಬೆಳಿಗ್ಗೆ. ನಾನು ಅದನ್ನು ಹಾಕಿಕೊಂಡು ಹೊರಗೆ ಬಂದೆ, ಅವರು ನಡುಮನೆಯಲ್ಲಿ ಹೂ ಬಿಡಿಸುತ್ತಾ ಕೂತಿದ್ದರು.

"ಯಾರ್ದು ಇದು?"

"ನನ್ನದು."

"ಲಿಂಗ ಇರೋ ಮೈ ಐತೆ ನಿಂದು. ಗಂಡಸ್ರ ಬಟ್ಟೆ ಹಾಕ್ಕಂಡು ಎಲ್ಲಿಗ್ ಹೊಂಟಿ?"

"ನಿಮ್ಮ ಮಗನ ಮೈ ಮೇಲೂ ಲಿಂಗ ಇದೆ ಅತ್ತೆ. ಅವರು ಪೈಜಾಮ ಹಾಕೊಂಡ್ರೆ ಲಿಂಗಕ್ಕೆ ಏನೂ ಆಗಲ್ಲ. ನಾನು ಹಾಕೊಂಡ್ರೆ ಮಾತ್ರ ಆಗುತ್ತಾ?"

"ನಾಲಿಗೆ ಉದ್ದ ಆಗೈತೆ ನಿಂದು," ಅಂದರು. ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. "ಬಟ್ಟೆ ಅಂಗಡಿಯೋರ ಸೊಸೆ ಪೈಜಾಮ ಹಾಕ್ಕಂಡು ರಸ್ತೇಲಿ ತಿರುಗ್ತಾಳೆ ಅಂದ್ರೆ ನಮ್ಮ ಹತ್ರ ಸೀರೆ ಯಾರು ತಗಂತಾರೆ? ಮಂದಿ ಉಗಿಯಲ್ಲೇನು?"

ಗಂಡ ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಿದ್ದರು. ಅಷ್ಟು ಹೊತ್ತು ಯಾರೂ ಹಲ್ಲುಜ್ಜುವುದಿಲ್ಲ. ಕೊನೆಗೆ ಬಂದು, "ಮೇಲೆ ಸೀರೆ ಸುತ್ಕೊಂಡು ಹೋಗ್ಲಿ ಬಿಡವ್ವಾ, ಅಲ್ಲಿ ಹೋಗಿ ತೆಗೀತಾಳೆ," ಅಂದರು. ಅವತ್ತಿನ ಮಟ್ಟಿಗೆ ನಾನು ಒಪ್ಪಿಕೊಂಡೆ. ನನಗೆ ಚಾಪೆ ಬೇಕಿತ್ತು, ಜಗಳ ಬೇಕಿರಲಿಲ್ಲ.

ಮೂರು ವಾರ ಹಾಗೇ ನಡೆಯಿತು. ಪೈಜಾಮ, ಅದರ ಮೇಲೆ ಜುಬ್ಬಾ, ಅದರ ಮೇಲೆ ಆರು ಗಜ ಸೀರೆ. ಅಕ್ಕಿ ಮೂಟೆ ಥರ ಉರುಳಿಕೊಂಡು ಹೋಗುತ್ತಿದ್ದೆ. ಶಾಲೆಯ ಹಾಲಿಗೆ ಹೋದ ಮೇಲೆ ನೋಡಿದರೆ ಎಲ್ಲರ ಕಥೆಯೂ ಅದೇ. ಬೆಂಚಿನ ಮೇಲೆ ಇಪ್ಪತ್ತು ಸೀರೆ ಗುಡ್ಡೆ ಬೀಳುತ್ತಿತ್ತು, ವಾಪಸು ಬರುವಾಗ ಯಾವ ಸೀರೆ ಯಾರದು ಅಂತ ಕಿತ್ತಾಟ. ಆದರೆ ಆ ಒಂದು ಗಂಟೆ ನನ್ನದಾಗಿತ್ತು. ಕಾಲು ಮೇಲೆ ಹೋಯಿತು. ಬೆರಳು ಪಾದದ ಹತ್ತಿರ ಹೋಯಿತು. ಟೀಚರ್ ದಿನವೂ ಕೊನೆಗೆ ಒಂದು ಪರೀಕ್ಷೆ ಮಾಡುತ್ತಿದ್ದರು. ನೆಲದ ಮೇಲೆ ಕೂತು, ಏನನ್ನೂ ಹಿಡಿಯದೆ ಎದ್ದು ನಿಲ್ಲಬೇಕು. ಮೊದಲ ವಾರ ಎರಡು ಕೈ ನೆಲಕ್ಕೆ ಊರಿದೆ. ಮೂರನೆಯ ವಾರಕ್ಕೆ ಒಂದೇ ಕೈಗೆ ಬಂದೆ. "ಆ ಕೈನೂ ಬಿಡೋ ದಿನ ಬರುತ್ತೆ. ಒಂದು ದಿನಾನೂ ತಪ್ಪಿಸ್ಬೇಡ," ಅಂದರು ಟೀಚರ್. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ ಆಗ, ಆ ಕೈಯೊಂದನ್ನು ಬಿಟ್ಟು ಏಳಬೇಕು, ಅಷ್ಟೇ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಐದೂವರೆಗೆ ಎದ್ದು ನೋಡುತ್ತೇನೆ, ಹಿತ್ತಲ ತಂತಿಯ ಮೇಲೆ ಪೈಜಾಮ ಇಲ್ಲ, ಜುಬ್ಬಾ ಇಲ್ಲ. ಬೀರುವಿನಲ್ಲಿ ಇಲ್ಲ. ಟ್ರಂಕಿನಲ್ಲಿ ಇಲ್ಲ. ಅತ್ತೆ ಆಗಲೇ ಎದ್ದು ಪೂಜೆಗೆ ಅಣಿ ಮಾಡುತ್ತಿದ್ದರು.

"ಅತ್ತೆ, ನನ್ನ ಬಟ್ಟೆ ಎಲ್ಲಿ?"

"ಕೊಟ್ಟೆ," ಅಂದರು, ತಲೆ ಎತ್ತದೆ.

"ಯಾರಿಗೆ?"

"ಹೆಗ್ಗನಹಳ್ಳಿ ಕಡೆಯಿಂದ ಪಾತ್ರೆಯೋಳು ಬರ್ತಾಳಲ್ಲ, ಆಕೆಗೆ. ನಿನ್ನೆ ಮಧ್ಯಾಹ್ನ ಬಂದಿದ್ಲು."

ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ನಾನು ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಾಗ ನನ್ನ ಹೊಸ ಬಟ್ಟೆ ಹಳೆ ಬಟ್ಟೆಯ ಗಂಟಿಗೆ ಸೇರಿತ್ತು. ಅಡುಗೆಮನೆಯ ಕಪಾಟಿನಲ್ಲಿ ಮುಷ್ಟಿ ಗಾತ್ರದ ಒಂದು ಡಬ್ಬಿ ಹೊಸದಾಗಿ ಹೊಳೆಯುತ್ತಿತ್ತು.

ಕೂಗಾಡಬೇಕಿತ್ತು ನಾನು. ಕೂಗಾಡಲಿಲ್ಲ. ಸಿಟ್ಟು ಅಷ್ಟು ಮಟ್ಟಕ್ಕೆ ಹೋದರೆ ನನಗೆ ದನಿಯೇ ಇಳಿದುಹೋಗುತ್ತದೆ. ಒಳಗೆ ಹೋಗಿ ಗಂಡನ ಪೈಜಾಮ ಹಾಕಿಕೊಂಡು ಕೆಳಗೆ ಮೂರು ಮಡಿಕೆ ಮಡಿಸಿದೆ. ಅವರ ಬಿಳಿ ಜುಬ್ಬಾ ತೊಟ್ಟೆ. ಮೆತ್ತನೆಯ ಪಂಚೆಯ ಅಂಚು ಹರಿದು ಕರಡಿಗೆಯನ್ನು ಎದೆಗೆ ಅಲ್ಲಾಡದಂತೆ ಸುತ್ತಿ ಕಟ್ಟಿಕೊಂಡೆ. ಗಂಡ ಒಂದು ಕಣ್ಣು ಬಿಟ್ಟು ನೋಡಿ, "ಏನಿದು?" ಅಂದರು.

"ನಿಮ್ಮ ಬಟ್ಟೆ. ಮಲಕ್ಕೊಳ್ಳಿ," ಅಂದೆ.

ಮೇಲೆ ಸೀರೆ ಸುತ್ತಿಕೊಳ್ಳಲಿಲ್ಲ. ಕದ್ದುಮುಚ್ಚಿ ಹೋಗಿದ್ದಕ್ಕೆ ಸಿಕ್ಕ ಬಹುಮಾನ ಆ ಡಬ್ಬಿ. ಇನ್ನು ಯಾರಿಗೆ ಮುಚ್ಚಬೇಕು? ಮುಂಬಾಗಿಲು ತೆಗೆದು ಹಾಗೇ ರಸ್ತೆಗೆ ಇಳಿದೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಹಾಲಿನ ಬೂತಿನ ಮುಂದೆ ಖಾಲಿ ಬಾಟಲಿ ಹಿಡಿದುಕೊಂಡು ಉದ್ದ ಸಾಲು ನಿಂತಿತ್ತು. ನಮ್ಮ ಬೀದಿಯವರೇ ಎಲ್ಲ, ಅರ್ಧ ಜನ ನಮ್ಮ ಅಂಗಡಿಯ ಗಿರಾಕಿಗಳು. ಬಾಟಲಿಗಳ ಸದ್ದು ನಿಂತಿತು. ಯಾರೋ ಒಬ್ಬಾಕೆ ಕಿಸಕ್ಕೆಂದು ನಕ್ಕು, "ಏನ್ರೀ, ಯಜಮಾನರ ಬಟ್ಟೆ ಹಾಕೊಂಡ್ ಬಂದಿದೀರಾ?" ಅಂದಳು.

"ಹೌದು ರೀ. ಅವರು ಇನ್ನೂ ಮಲಗಿದಾರೆ, ಅವರಿಗೆ ಬೇಕಾಗಿಲ್ಲ," ಅಂದೆ. ನಗು ನಿಂತಿತು. ಆ ಮಾತು ಆಡಿದ ಮೇಲೆ ನನ್ನ ಹೆದರಿಕೆಯೂ ಹೋಯಿತು. ಗಾಳಿ ಪೈಜಾಮದೊಳಗೆ ಆಡುತ್ತಿತ್ತು, ಹೆಜ್ಜೆ ಬೇಕಾದಷ್ಟು ಉದ್ದ ಹಾಕಬಹುದಿತ್ತು, ಕ್ಲಾಸಿಗೆ ಹತ್ತು ನಿಮಿಷದ ದಾರಿ ಆರು ನಿಮಿಷಕ್ಕೆ ಮುಗಿಯಿತು.

ಕ್ಲಾಸು ಮುಗಿಸಿ ಬಂದರೆ ಬಾಗಿಲು ಹಾಕಿತ್ತು. ತಟ್ಟಿದೆ. ಒಳಗಿನಿಂದ ಅಗಳಿ ಬಿದ್ದಿತ್ತು. ಕಿಟಕಿಯ ಸರಳುಗಳ ನಡುವಿನಿಂದ ನನ್ನದೊಂದು ಸೀರೆ ಹೊರಗೆ ಬಂತು, ಅದರ ಹಿಂದೆ ಅತ್ತೆಯ ಕೈ.

"ಇದನ್ನ ಉಟ್ಕಂಡು ಒಳಗ್ ಬಾ. ಇವತ್ತಿಗೆ ಆ ಕ್ಲಾಸು ಸಾಕು ಅನ್ನು. ಇಲ್ಲಾಂದ್ರೆ ಅಲ್ಲೇ ಇರು."

"ಅವ್ವಾ, ಬಿಡವ್ವಾ, ಮಂದಿ ನೋಡ್ತಾರೆ," ಅಂತ ಗಂಡನ ದನಿ ಕೇಳಿಸಿತು. "ನೀ ಸುಮ್ಕಿರು," ಅಂತ ಅತ್ತೆಯದು.

ಸೀರೆ ಕಿಟಕಿಯಿಂದ ಜೋತಾಡುತ್ತಿತ್ತು. ಕೈ ಚಾಚಿದ್ದರೆ ಮುಗಿದುಹೋಗುತ್ತಿತ್ತು. ಉಟ್ಟುಕೊಂಡು ಒಳಗೆ ಹೋಗಿ, ಕಾಫಿ ಕುಡಿದು, ಮಗಳಿಗೆ ಜಡೆ ಹಾಕಿ, ನಲವತ್ತು ತುಂಬುವುದನ್ನು ಕಾಯುತ್ತಾ ಇರಬಹುದಿತ್ತು. ನಾನು ಹಿಂದೆ ಸರಿದೆ. ಮನೆಯ ಮುಂದೆ ಕೆಂಪು ಗಾರೆಯ ವರಾಂಡ ಇತ್ತು, ಬೀದಿಗೆ ಪೂರ್ತಿ ತೆರೆದದ್ದು. ಅದರ ನಡುವೆ ಹೋಗಿ ಅಂಗಾತ ಮಲಗಿದೆ. ಬಲಗಾಲು ಎತ್ತಿದೆ. ಇಳಿಸಿದೆ. ಎಡಗಾಲು ಎತ್ತಿದೆ. ಕ್ಲಾಸಿನಲ್ಲಿ ಮಾಡಿದ್ದನ್ನೆಲ್ಲ ಮೊದಲಿನಿಂದ, ಒಂದನ್ನೂ ಬಿಡದೆ, ಎಣಿಸಿಕೊಂಡು ಮಾಡಲು ಶುರು ಮಾಡಿದೆ. ಗಂಡನ ಪೈಜಾಮದ ಒಂದು ಹೊಲಿಗೆ ಬಿಟ್ಟಿತು. ಬಿಟ್ಟರೆ ಬಿಡಲಿ, ಜುಬ್ಬಾ ಉದ್ದ ಇತ್ತು.

ಹಾಲು ತೆಗೆದುಕೊಂಡು ಬರುತ್ತಿದ್ದವರು ನಿಂತರು. ಎದುರು ಮನೆಯ ಆಂಟಿ ರಂಗೋಲಿ ಹಾಕುತ್ತಿದ್ದವರು ಎದ್ದು ನಿಂತು ನೋಡಿದರು. ಪಂಜಾಬಿಯವಳು ಮಹಡಿಯ ಮೇಲಿಂದ ಕೈ ಬೀಸಿದಳು. ಯಾರೂ ನಗಲಿಲ್ಲ, ಅದಂತೂ ನಿಜ.

"ಎದ್ದು ಒಳಗ್ ಬಾ," ಅಂದರು ಅತ್ತೆ ಕಿಟಕಿಯಿಂದ. ಈ ಸಲ ದನಿ ಸಣ್ಣದಾಗಿತ್ತು. "ಮಾನ ಮರ್ಯಾದೆ ಐತೋ ಇಲ್ವೋ ನಿಂಗೆ? ಮಂದಿ ನೋಡಕತ್ಯಾರೆ."

ನಾನು ಎದ್ದು ಕೂತೆ. ದನಿ ಏರಿಸಲಿಲ್ಲ. "ಅತ್ತೆ, ನೀವು ಕೊಟ್ಟ ಜುಬ್ಬಾದ ಒಳಗಡೆ ಒಂದು ಜೇಬಿತ್ತು. ನೋಡಿದ್ರಾ?"

"ಯಾವ ಜೇಬು?"

"ಎಡಗಡೆ, ಗುಂಡಿ ಇದ್ದಿದ್ದು. ಲಿಂಗಕ್ಕೆ ಅಂತ ಹೊಲಿಸಿದ್ದು. ಮೂರು ವಾರ ದಿನಾ ನನ್ನ ಲಿಂಗ ಅದರಲ್ಲೇ ಕೂತಿತ್ತು."

ಲಿಂಗ ಸುತ್ತಿದ ಬಟ್ಟೆ ಹರಿದುಹೋದರೂ ಕಂಡಲ್ಲಿ ಎಸೆಯಬಾರದು, ಒರೆಸಲು ಬಳಸಬಾರದು, ಬೇರೆಯವರ ಕೈಗೆ ಕೊಡಬಾರದು, ತುಳಿಯದ ಜಾಗದಲ್ಲಿ ಗಿಡದ ಬುಡಕ್ಕೆ ಮಣ್ಣು ಮಾಡಬೇಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದವರು ಇದೇ ಅತ್ತೆ. ಬಟ್ಟೆಯ ಹೊರಗನ್ನು ನೋಡಿ ಬೈದವರಿಗೆ ಒಳಗನ್ನು ತಿರುವಿ ನೋಡುವಷ್ಟು ತಾಳ್ಮೆ ಇರಲಿಲ್ಲ.

"ಅದನ್ನ ಯಾರ ಮೈಮೇಲೆ ಹಾಕ್ತಾರೋ, ಯಾವ ನೆಲ ಒರೆಸ್ತಾರೋ ನನಗೆ ಗೊತ್ತಿಲ್ಲ ಅತ್ತೆ. ನಾನು ಪೈಜಾಮ ಹಾಕೊಂಡೆ, ಅಷ್ಟೇ. ಲಿಂಗದ ಬಟ್ಟೆ ಡಬ್ಬಿಗೆ ಕೊಟ್ಟಿದ್ದು ನಾನಲ್ಲ."

ಹೇಳಿದ ಮೇಲೆ ನನಗೇ ಒಂದು ಗಳಿಗೆ ಕೆಟ್ಟದೆನಿಸಿತು. ಬಹಳ ನಂಬಿದ ಹೆಂಗಸು ಅವರು. ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಸೀರೆ ಮೆಲ್ಲಗೆ ಕಿಟಕಿಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಗಳಿ ತೆಗೆದ ಸದ್ದಾಯಿತು, ಬಾಗಿಲು ತೆರೆದು ಅತ್ತೆ ಹೊಸ್ತಿಲ ಮೇಲೆ ನಿಂತರು. ಮುಖ ಬಿಳಿಚಿಕೊಂಡಿತ್ತು.

ನನ್ನದು ಕೊನೆಯದೊಂದು ಬಾಕಿ ಇತ್ತು. ಗೋಡೆ ಒಂದು ಮೊಳ ದೂರದಲ್ಲೇ ಇತ್ತು. ಕೈಯೆರಡನ್ನೂ ಎದೆಯ ಮೇಲೆ ಕಟ್ಟಿಕೊಂಡೆ, ಕಾಲು ಹತ್ತಿರ ಎಳೆದುಕೊಂಡೆ, ಉಸಿರು ಬಿಟ್ಟು ಮುಂದಕ್ಕೆ ವಾಲಿದೆ. ತೊಡೆ ನಡುಗಿತು. ಬಿದ್ದೇಹೋದೆ ಅಂದುಕೊಂಡೆ. ಬೀಳಲಿಲ್ಲ. ನೆಲ ಮುಟ್ಟದೆ, ಗೋಡೆ ಮುಟ್ಟದೆ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಿದ್ದೆ.

ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಮಂಡಿ ನೋಡುತ್ತಿದ್ದರು. ಅವರಿಗೂ ಮಂಡಿ ಹಿಡಿದುಕೊಂಡಿತ್ತು. ಪೂಜೆ ಮುಗಿಸಿ ಅವರನ್ನು ಎಬ್ಬಿಸಬೇಕಾದರೆ ದಿನವೂ ನನ್ನ ಗಂಡ ಒಂದು ಕಡೆ, ನಾನು ಒಂದು ಕಡೆ ಹಿಡಿಯುತ್ತಿದ್ದೆವು. ಆ ಹೊತ್ತಿನಲ್ಲಿ ಅವರು ಎಷ್ಟು ಹಲ್ಲು ಕಚ್ಚುತ್ತಿದ್ದರು ಅಂತ ನನಗೆ ಗೊತ್ತಿತ್ತು.

"ಆ ಹಾಲ್‌ನಾಗೆ," ಅಂದರು, ಬೀದಿಗೆ ಕೇಳಿಸದಷ್ಟು ಮೆಲ್ಲಗೆ, "ನನ್ನಂಗೆ ವಯಸ್ಸಾದೋರು ಬರ್ತಾರೇನು?"

ನನಗೆ ಸಿಟ್ಟು ಇಳಿದಿರಲಿಲ್ಲ. ಅಷ್ಟು ಬೇಗ ಇಳಿಯುವ ಸಿಟ್ಟೂ ಅಲ್ಲ ಅದು. ಹರಿದ ಪೈಜಾಮದಲ್ಲೇ ಅವರನ್ನು ದಾಟಿಕೊಂಡು ಹೊಸ್ತಿಲ ಒಳಗೆ ಕಾಲಿಟ್ಟೆ.

"ಬರ್ತಾರೆ. ಅಂಗಡಿಯಿಂದ ಎರಡು ಜೊತೆಗಾಗೋಷ್ಟು ಬಟ್ಟೆ ತರಿಸಿ ಅತ್ತೆ," ಅಂದೆ. "ಮೊದಲು ಹೊಲಿಸೋದು ನನ್ನದು."